ಅಗ್ಗದ ಚಿಪ್ಪರ್ ಸಾಕಾ, ಹೆಸರಿರುವ ಕಂಪನಿಯದೇ ಬೇಕಾ? ಶಿರಸಿ, ಕುಮಟಾ ಕಡೆಯ ತೋಟದವರಿಗೆ

ಅಡಿಕೆ ತೋಟ ಇದ್ದವರು ಈಗ ಫೋನು ತೆರೆದರೆ ಸಾಕು, ಕಿತ್ತಳೆ ಬಣ್ಣದ ಚಿಪ್ಪರ್, ಅಂದರೆ ಕೊಂಬೆರೆಂಬೆ ಪುಡಿ ಮಾಡುವ ಯಂತ್ರ, ಒಂದು ಕೊಂಬೆ ನುಂಗುತ್ತಾ ಎದುರಿಗೆ ಬರುತ್ತದೆ. 7 ಎಚ್‌ಪಿ, 15 ಎಚ್‌ಪಿ, ನಾಲ್ಕಿಂಚು ದಪ್ಪದ ಮರವೂ ಪುಡಿ, ಇವತ್ತು ಮಾತ್ರ ಈ ಬೆಲೆ. ಪೇಟೆಗೆ ಹೋಗಿ ಹೆಸರಿರುವ ಎಂಜಿನ್ ಕೂರಿಸಿದ್ದನ್ನು ಕೇಳಿದರೆ ಎರಡು ಪಟ್ಟೋ ಎರಡೂವರೆ ಪಟ್ಟೋ ಹೇಳುತ್ತಾರೆ. ನೋಡೋಕೆ ಎರಡೂ ಒಂದೇ ಥರ. ಹಾಗಾದ್ರೆ ಜಾಸ್ತಿ ದುಡ್ಡು ಯಾಕೆ ಕೊಡಬೇಕು ಅಂತ ಕೇಳುವುದು ನ್ಯಾಯವೇ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಕಾರಣ ನೋಡೋಣ. ಒಂದೆರಡು ಎಕರೆ ತೋಟ, ನಿಮ್ಮದೇ ಕೆಲಸ, ವರ್ಷದಲ್ಲಿ ಕೆಲವೇ ದಿನ ಓಡಿಸುವುದು ಅಂದರೆ ಹೊರದೇಶದಿಂದ ಬರುವ ಸಣ್ಣ ಯಂತ್ರ ತಗೊಳ್ಳಬಹುದು, ತಪ್ಪೇನಿಲ್ಲ. ಹತ್ತು ಮನೆಗೆ ಬಾಡಿಗೆಗೆ ಓಡಿಸುವವರು ಹೆಸರಿರುವ ಎಂಜಿನ್ ಬಿಟ್ಟು ಬೇರೆ ಯೋಚನೆ ಮಾಡಬೇಡಿ. ಎರಡಕ್ಕೂ ನಡುವೆ ಇರುವ ಅಗ್ಗದ 15 ಎಚ್‌ಪಿ ದೊಡ್ಡ ಯಂತ್ರ ಇದೆಯಲ್ಲ, ಅದರ ಹತ್ತಿರವೇ ಹೋಗಬೇಡಿ. ಆದರೆ ಈ ಮೂರಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಒಂದಿದೆ: ಬ್ಲೇಡ್ ಹೋದರೆ ಎಲ್ಲಿ ಸಿಗುತ್ತದೆ? ಅದಕ್ಕೆ ಉತ್ತರ ಇಲ್ಲದಿದ್ದರೆ ಬ್ರ್ಯಾಂಡ್ ಇದ್ದೂ ಉಪಯೋಗ ಇಲ್ಲ.

ನಿಮ್ಮ ತೋಟದಲ್ಲಿ ಬೀಳುವುದು ಏನು?

2.7 ಮೀಟರ್ ಅಂತರದಲ್ಲಿ ನೆಟ್ಟ ತೋಟದಲ್ಲಿ ಎಕರೆಗೆ ಸುಮಾರು 550 ಅಡಿಕೆ ಮರ ಹಿಡಿಯುತ್ತವೆ. ಮರಕ್ಕೆ ವರ್ಷಕ್ಕೆ ಆರೇಳು ಸೋಗೆ, ಅಂದರೆ ಅಡಿಕೆ ಗರಿ, ಬಿದ್ದರೂ ಎಕರೆಗೆ ಮೂರು ಸಾವಿರದ ಮೇಲಾಯಿತು. ಅಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಚಿಪ್ಪರಿಗೆ ಮುಖ್ಯ ಊಟ ಮರದ ಕೊಂಬೆ ಅಲ್ಲ, ಸೋಗೆ. ಇದು ಬಹಳ ಮುಖ್ಯ, ಯಾಕಂದರೆ ಈ ಯಂತ್ರಗಳು ಹುಟ್ಟಿದ್ದೇ ಕೊಂಬೆ ಕತ್ತರಿಸಲಿಕ್ಕೆ. ಕೊಂಬೆ ಅಡ್ಡಕ್ಕೆ ಪಟಪಟ ಅಂತ ತುಂಡಾಗುತ್ತದೆ. ಸೋಗೆ ಹಾಗಲ್ಲ, ನಾರು. ಬ್ಲೇಡ್ ಸ್ವಲ್ಪ ಮೊಂಡಾದರೆ ಕತ್ತರಿಸುವ ಬದಲು ಎಳೆಯುತ್ತದೆ, ಎಳೆದ ನಾರು ಶಾಫ್ಟಿಗೆ ಸುತ್ತಿಕೊಳ್ಳುತ್ತದೆ, ಸುತ್ತಿಕೊಂಡದ್ದು ಬೇರಿಂಗಿನ ಸೀಲ್ ಒಳಗೆ ಹೋಗುತ್ತದೆ. ತೆಂಗಿನ ಮಡಲು, ಬಾಳೆ ದಿಂಡು ಎರಡೂ ಇದೇ ಜಾತಿ. ಸೋಗೆಯ ಬುಡದಲ್ಲಿರುವ ಹಸಿ ಹಾಳೆಯಂತೂ ಇನ್ನೂ ಜಿಗುಟು, ಅದನ್ನು ಬಿಡಿಸಿ ಬೇರೆ ಇಡುವುದೇ ವಾಸಿ.

ಹಾಗಾಗಿ ವಿಡಿಯೋದಲ್ಲಿ ಹಸಿ ಪೈನ್ ಕೊಂಬೆ ಸಲೀಸಾಗಿ ಒಳಗೆ ಹೋಗುವುದನ್ನು ನೋಡಿ ತೀರ್ಮಾನ ಮಾಡಬೇಡಿ. ಅಂಗಡಿಗೆ ಹೋಗುವಾಗ ಬೊಲೆರೋ ಹಿಂದೆ ನಾಲ್ಕು ಒಣ ಸೋಗೆ, ನಾಲ್ಕು ಹಸಿ ಸೋಗೆ, ಒಂದು ಮಡಲು, ಒಂದು ಗ್ಲಿರಿಸಿಡಿಯಾ ಕೊಂಬೆ ಹಾಕಿಕೊಂಡು ಹೋಗಿ. ನಾಚಿಕೆ ಬೇಡ. ನಿಮ್ಮ ಸೋಗೆಯನ್ನು ನಿಮ್ಮ ಎದುರಿಗೇ ಹಾಕಿ ತೋರಿಸಲು ಒಪ್ಪದವನ ಹತ್ತಿರ ವ್ಯಾಪಾರ ಮುಂದುವರಿಸುವ ಅಗತ್ಯ ಇಲ್ಲ. ಆನ್‌ಲೈನಿನಲ್ಲಿ ತರಿಸುವವರಿಗೆ ಈ ಅವಕಾಶವೇ ಇಲ್ಲ, ನೋಡಿ. ಅಗ್ಗದ ಬೆಲೆಯಲ್ಲಿ ಇದೂ ಒಂದು ಕಳೆಯುವ ಲೆಕ್ಕ.

ಇನ್ನೊಂದು ಮಾತು. ಬರೀ ಸೋಗೆ ಮತ್ತು ಹುಲ್ಲು ಮಾತ್ರ ಇದೆ, ಮನೆ ಹತ್ತಿರವೇ ತಂದು ಕತ್ತರಿಸುತ್ತೀರಿ ಅಂತಾದರೆ ಚಿಪ್ಪರೇ ಬೇಡ. ಎರಡು ಮೂರು ಎಚ್‌ಪಿ ಕರೆಂಟ್ ಮೋಟಾರಿನ ಚಾಫ್ ಕಟರ್, ಅಂದರೆ ಮೇವು ಕತ್ತರಿಸುವ ಯಂತ್ರ, ಸಾಕು. ದನಕ್ಕೂ ಆಯಿತು, ಗೊಬ್ಬರಗುಂಡಿಗೂ ಆಯಿತು. ಬ್ಲೇಡ್ ಎಲ್ಲಾ ಕಡೆ ಸಿಗುತ್ತದೆ, ಪೆಟ್ರೋಲಿನ ತಲೆಬಿಸಿ ಇಲ್ಲ. ಚಿಪ್ಪರ್ ಬೇಕಾಗುವುದು ಬೆಟ್ಟದ ಮತ್ತಿ, ಕಿಂದಳದ ಸೊಪ್ಪು ಕಡಿದ ಮೇಲೆ ಉಳಿಯುವ ಕೊಂಬೆ, ಬೇಲಿಯ ಗ್ಲಿರಿಸಿಡಿಯಾ, ಅಕೇಶಿಯಾ, ಕರಾವಳಿಯಲ್ಲಾದರೆ ಗೇರು, ಮಾವು, ಗಾಳಿಮರ ಇವೆಲ್ಲ ಇದ್ದಾಗ. ಮತ್ತೆ, ಕೆಲಸ ತೋಟದ ಒಳಗೇ ಆಗಬೇಕು ಅನ್ನುವಾಗ.

ಎಚ್‌ಪಿ ಬಿಡಿ, ಸಿಸಿ ಕೇಳಿ

ಸ್ಟಿಕ್ಕರಿನ ಎಚ್‌ಪಿಯನ್ನು ಹೇಗೆ ಬೇಕಾದರೂ ಛಾಪಿಸಬಹುದು. ಸಿಲಿಂಡರಿನ ಅಳತೆಯನ್ನು, ಅಂದರೆ ಸಿಸಿಯನ್ನು, ಹಾಗೆ ಹಿಗ್ಗಿಸಲು ಬರುವುದಿಲ್ಲ. ಅಗ್ಗದ ಯಂತ್ರಗಳಲ್ಲಿ ಇರುವ ಎಂಜಿನ್ನುಗಳು ಹೆಚ್ಚಿನವು ಹೋಂಡಾದ ಜಿಎಕ್ಸ್ ಎಂಜಿನ್ನಿನ ನಕಲು. ಅವುಗಳ ಮೇಲೆ 168ಎಫ್, 170ಎಫ್, 188ಎಫ್, 190ಎಫ್ ಅಂತ ಬರೆದಿರುತ್ತದೆ. ಇದರಲ್ಲಿ ಮೊದಲ 1 ಅಂದರೆ ಒಂದೇ ಸಿಲಿಂಡರ್, ಮುಂದಿನ ಎರಡು ಅಂಕಿ ಸಿಲಿಂಡರಿನ ಒಳ ಅಗಲ ಮಿಲಿಮೀಟರಿನಲ್ಲಿ. 170ಎಫ್ ಅಂದರೆ 70 ಮಿಮೀ ಅಗಲ, 212 ಸಿಸಿ. ಅದನ್ನೇ "7 ಎಚ್‌ಪಿ" ಅಂತ ಮಾರುತ್ತಾರೆ. ಹೋಂಡಾದ 196 ಸಿಸಿಯ ಜಿಎಕ್ಸ್200ಕ್ಕೆ ಆ ಕಂಪನಿಯೇ ಹೇಳುವುದು ಸುಮಾರು ಐದೂವರೆ. 190ಎಫ್ ಅಂದರೆ 420 ಸಿಸಿ, ಅದು "15 ಎಚ್‌ಪಿ" ಆಗಿ ಬರುತ್ತದೆ. ಹೋಂಡಾ ತನ್ನ 389 ಸಿಸಿಯ ಜಿಎಕ್ಸ್390ಕ್ಕೆ ಹೇಳುವುದು 11.7 ಮಾತ್ರ. ಇಷ್ಟು ಗೊತ್ತಿದ್ದರೆ ಮಾರುವವನ ಮಾತಿನಲ್ಲಿ ಎಷ್ಟು ಗಾಳಿ ಇದೆ ಅಂತ ನಿಮಗೇ ಲೆಕ್ಕ ಸಿಗುತ್ತದೆ.

ಕೊಂಬೆಯ ದಪ್ಪದ ಕತೆಯೂ ಇದೇ. ಯುರೋಪಿನ ಹೆಸರಾಂತ ಕಂಪನಿಗಳ 2,500 ವ್ಯಾಟ್ ಆಸುಪಾಸಿನ ಕರೆಂಟ್ ಯಂತ್ರಗಳ ಕ್ಯಾಟಲಾಗ್ ತೆಗೆದು ನೋಡಿ, 35ರಿಂದ 40 ಮಿಲಿಮೀಟರ್ ಅಂತ ಬರೆದಿರುತ್ತಾರೆ. ಒಂದೂವರೆ ಇಂಚು, ಅಷ್ಟೇ. ಇಲ್ಲಿ ಅದರ ಎರಡು ಪಟ್ಟು ಶಕ್ತಿಯೂ ಇಲ್ಲದ ಯಂತ್ರ ನಾಲ್ಕಿಂಚು ನುಂಗುತ್ತದೆ ಅಂದರೆ? ಬಾಯಿ ನಾಲ್ಕಿಂಚು ಅಗಲ ಇದೆ ಅಂತ ಅರ್ಥ ಮಾಡಿಕೊಳ್ಳಿ. ಒಣಗಿದ ಅಕೇಶಿಯಾ ಆದರೆ ಬರೆದದ್ದರ ಅರ್ಧ ಹಿಡಿಯಿರಿ, ಹಸಿ ಗ್ಲಿರಿಸಿಡಿಯಾ ಆದರೆ ಸ್ವಲ್ಪ ಜಾಸ್ತಿ. ಎರಡಿಂಚಿಗಿಂತ ದಪ್ಪದ್ದನ್ನು ಚಿಪ್ಪರಿಗೆ ಹಾಕುವುದೇ ಯಾಕೆ, ಬಚ್ಚಲು ಒಲೆಗೆ ಸೌದೆ ಬೇಡವಾ?

ನಕಲು ಎಂಜಿನ್ ಅಂದ ಕೂಡಲೇ ಮೂಗು ಮುರಿಯಬೇಡಿ, ಅದರಲ್ಲಿ ಒಂದು ಅನುಕೂಲ ಇದೆ. ಸಣ್ಣ ನಕಲು ಎಂಜಿನ್ನಿಗೆ ಕಾರ್ಬೊರೇಟರ್, ಹಗ್ಗ ಎಳೆಯುವ ಸ್ಟಾರ್ಟರ್, ಗ್ಯಾಸ್ಕೆಟ್ ಎಲ್ಲಾ ಸಿಗುತ್ತವೆ. ಪವರ್ ಸ್ಪ್ರೇಯರ್, ನೀರಿನ ಪಂಪು, ಟಿಲ್ಲರ್ ರಿಪೇರಿ ಮಾಡುವ ಯಾರಿಗೆ ಕೇಳಿದರೂ ಈ ಎಂಜಿನ್ ಗೊತ್ತು. 420 ಸಿಸಿ ದೊಡ್ಡದಕ್ಕೆ ಅಷ್ಟು ಸುಲಭ ಇಲ್ಲ. ಜತೆಗೆ ಅದರ ಭಾರ. ನೂರು ಕೆಜಿ ಮೀರಿದ ಯಂತ್ರವನ್ನು ಬಸಿಗಾಲುವೆ ಮೇಲಿನ ಸಂಕ ದಾಟಿಸಿ, ಜಾರುವ ಇಳಿಜಾರಿನಲ್ಲಿ ಕೆಳಗಿನ ತೋಟಕ್ಕೆ ಇಳಿಸುವುದು ಹೇಗೆ? ಇಳಿಸಿದ್ದನ್ನು ಸಂಜೆ ಮತ್ತೆ ಹತ್ತಿಸುವವರು ಯಾರು? ಅಗ್ಗದ ದೊಡ್ಡದು ಬೇಡ ಅಂದದ್ದು ಇದಕ್ಕೇ. ಶಕ್ತಿ ಜಾಸ್ತಿ ಇರುವ ಎಂಜಿನ್ನನ್ನು ತೆಳ್ಳಗಿನ ಚಾಸಿಸ್, ಸಣ್ಣ ಬೇರಿಂಗ್ ಮೇಲೆ ಕೂರಿಸಿದರೆ ಮೊದಲು ಬಿಡುವುದು ವೆಲ್ಡಿಂಗು.

ಬ್ರ್ಯಾಂಡ್ ಅಂದರೆ ಯಾವುದು?

ಇದರಲ್ಲೇ ಜನ ಜಾಸ್ತಿ ಮೋಸ ಹೋಗುವುದು. ವರ್ಮೀರ್, ಬ್ಯಾಂಡಿಟ್ ಅಂತ ಅಮೆರಿಕದ ದೊಡ್ಡ ಚಿಪ್ಪರುಗಳಿವೆ, ಅವು ರಸ್ತೆ ಬದಿಯ ಮರ ಕಡಿಯುವವರಿಗೆ, ನಮಗಲ್ಲ. ಜರ್ಮನಿಯ ಸ್ಟಿಲ್ ಕಂಪನಿಯಂಥವರ ತೋಟದ ಶ್ರೆಡ್ಡರುಗಳು ಅಚ್ಚುಕಟ್ಟು, ಆದರೆ ಮನೆ ಅಂಗಳದ ಕೊಂಬೆರೆಂಬೆಗೆ ಮಾಡಿದ್ದು. ದುಡ್ಡು ಕೊಟ್ಟು ತಂದು ಮಡಲು ತುರುಕಿದರೆ ಅದಕ್ಕೂ ಬೇಜಾರು, ನಿಮಗೂ ಬೇಜಾರು.

ನಮ್ಮ ಕಡೆ ಅಂಗಡಿಯವರು ಬ್ರ್ಯಾಂಡ್ ಅಂದಾಗ ಹೆಚ್ಚಾಗಿ ಅದು ಎರಡರಲ್ಲಿ ಒಂದು. ಹೋಂಡಾ, ಗ್ರೀವ್ಸ್, ಕಿರ್ಲೋಸ್ಕರ್ ಎಂಜಿನ್ನನ್ನು ಇಲ್ಲೇ ತಯಾರಾದ ಕಬ್ಬಿಣದ ಬಾಡಿಗೆ ಕೂರಿಸಿದ್ದು. ಅಥವಾ ಹೊರಗಿನಿಂದಲೇ ಬಂದ ಇಡೀ ಯಂತ್ರಕ್ಕೆ ನಮ್ಮ ದೇಶದ ಕಂಪನಿ ತನ್ನ ಹೆಸರು ಹಾಕಿ, ಡೀಲರ್ ಇಟ್ಟು, ಬಿಡಿಭಾಗ ಇಟ್ಟು ಮಾರುವುದು. ಎರಡನೆಯದು ಮತ್ತು ನಿಮ್ಮ ಫೋನಿನಲ್ಲಿ ಕಾಣುವ ಅಗ್ಗದ್ದು ಒಂದೇ ಕಾರ್ಖಾನೆಯಿಂದ ಬಂದಿದ್ದರೂ ಆಶ್ಚರ್ಯ ಇಲ್ಲ. ಆಗ ಜಾಸ್ತಿ ಕೊಡುವ ದುಡ್ಡು ಕಬ್ಬಿಣಕ್ಕಲ್ಲ, ಡೀಲರಿಗೆ. ಆ ಡೀಲರ್ ಶಿರಸಿಯಲ್ಲೋ ಹುಬ್ಬಳ್ಳಿಯಲ್ಲೋ ಬಿಡಿಭಾಗ ಇಟ್ಟುಕೊಂಡು ಕೂತಿದ್ದರೆ ಅದು ಸಾರ್ಥಕ. ಫೋನಿನಲ್ಲಿ "ತರಿಸಿಕೊಡ್ತೇವೆ" ಅನ್ನುವುದಷ್ಟೇ ಆದರೆ ಅಗ್ಗದ್ದನ್ನೇ ತನ್ನಿ.

ಆನ್‌ಲೈನಿನಲ್ಲಿ ಮಾರುವಾಗ ವಸ್ತು ಯಾವ ದೇಶದ್ದು ಅಂತ ತೋರಿಸಬೇಕು ಅನ್ನುವ ನಿಯಮ 2020ರಲ್ಲೇ ಬಂದಿದೆ. ಆಮದು ಮಾಡಿದವರ ಹೆಸರು, ವಿಳಾಸವನ್ನೂ ಹುಡುಕಿ. ಎರಡೂ ಇಲ್ಲದ ಪುಟದಿಂದ ನಲವತ್ತು ಸಾವಿರದ ಯಂತ್ರ ತರಿಸುವುದು ಧೈರ್ಯ ಅಲ್ಲ. ವಾರಂಟಿ ಕಾಗದವನ್ನೂ ಓದಿ: ಸಾಮಾನ್ಯವಾಗಿ ಎಂಜಿನ್ನಿಗೆ ಮಾತ್ರ ಇರುತ್ತದೆ, ಬ್ಲೇಡ್, ಬೆಲ್ಟ್, ಬೇರಿಂಗಿಗೆ ಇರುವುದಿಲ್ಲ. ಹಾಳಾಗುವುದು ಆ ಮೂರೇ.

ಬ್ಲೇಡಿನ ವಿಷಯ

ನಮ್ಮೂರಿನಲ್ಲಿ ಒಬ್ಬರು ತರಿಸಿದ ಯಂತ್ರಕ್ಕೆ ಬೆಲ್ಟ್ ಸಿಕ್ಕಿತು, ಬೇರಿಂಗ್ ಸಿಕ್ಕಿತು. ಬ್ಲೇಡ್ ಮಾತ್ರ ಎಲ್ಲೂ ಸಿಗಲಿಲ್ಲ. ಮಾರಿದವರು ಆ ಮಾಡೆಲ್ಲನ್ನೇ ನಿಲ್ಲಿಸಿದ್ದರು, ಹೊಸ ಮಾಡೆಲ್ಲಿನ ಬ್ಲೇಡಿನ ತೂತು ಅರ್ಧ ಸೆಂಟಿಮೀಟರ್ ಆಚೆಗೆ. ಕೊನೆಗೆ ಲೇತ್‌ನವರು ಲಾರಿಯ ಹಳೇ ಸ್ಪ್ರಿಂಗ್ ಪ್ಲೇಟು ಕತ್ತರಿಸಿ, ತೂತು ಹೊಡೆದು, ಹದ ಹಾಕಿ ಕೊಟ್ಟರು. ಅದು ಚೆನ್ನಾಗಿಯೇ ಓಡುತ್ತಿದೆ. ಇದರಿಂದ ನಾನು ತಿಳಿದದ್ದು ಇಷ್ಟು: ಬ್ಲೇಡ್ ಚಪ್ಪಟೆ ಪಟ್ಟಿಯ ಹಾಗೆ, ಎರಡು ಮೂರು ನೇರ ತೂತಿನದಾಗಿದ್ದರೆ ಊರಿನಲ್ಲೇ ಮಾಡಿಸಬಹುದು. ಬಾಗಿದ, ಹಲ್ಲಿನ, ವಿಚಿತ್ರ ಆಕಾರದ ಬ್ಲೇಡ್ ಇರುವ ಅಗ್ಗದ ಯಂತ್ರ ಬೇಡವೇ ಬೇಡ.

ಯಂತ್ರ ಬಂದ ದಿನವೇ ಬ್ಲೇಡ್ ಬಿಚ್ಚಿ ಕಾಗದದ ಮೇಲಿಟ್ಟು ಪೆನ್ನಿನಲ್ಲಿ ಸುತ್ತ ಗೆರೆ ಎಳೆಯಿರಿ. ಉದ್ದ, ಅಗಲ, ದಪ್ಪ, ತೂತಿನ ನಡುವಿನಿಂದ ತೂತಿನ ನಡುವಿಗೆ ಎಷ್ಟು, ಎಲ್ಲಾ ಬರೆದಿಡಿ. ಸವೆದು ಹೋದ ಮೇಲೆ ಅಳತೆ ತೆಗೆದರೆ ಅರ್ಧಂಬರ್ಧ. ಹಾಗೆಯೇ ಬೋಲ್ಟಿನ ತಲೆ ನೋಡಿ. 8.8 ಅಥವಾ 10.9 ಅಂತ ಅಚ್ಚು ಇರಬೇಕು. ತಲೆ ಬೋಳಾಗಿದ್ದರೆ ಅದು ಸಾದಾ ಬೋಲ್ಟ್. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಡ್ರಮ್ಮಿನಲ್ಲಿ ಬ್ಲೇಡ್ ಹಿಡಿದುಕೊಂಡಿರುವುದು ಅದೇ. ಹಾರ್ಡ್‌ವೇರ್ ಅಂಗಡಿಯಲ್ಲಿ ಹೈ ಟೆನ್ಸೈಲ್ ಬೋಲ್ಟ್ ಅಂತ ಕೇಳಿ ಬದಲಾಯಿಸಿ, ಚಿಲ್ಲರೆ ಖರ್ಚು.

ತಿರುಗುವ ಬ್ಲೇಡಿಗೆ ಎದುರಾಗಿ ತಿರುಗದೆ ನಿಂತ ಒಂದು ಪಟ್ಟಿ ಇರುತ್ತದೆ. ಸೋಗೆ ತುಂಡಾಗುವುದು ಇವೆರಡರ ನಡುವೆ. ಸಂದು ಎಷ್ಟಿರಬೇಕು ಅಂತ ಯಂತ್ರದ ಪುಸ್ತಕದಲ್ಲಿ ಇದ್ದರೆ ಅದನ್ನೇ ಇಡಿ. ಇಲ್ಲದಿದ್ದರೆ ಒಂದು ಮಿಲಿಮೀಟರಿನ ಆಸುಪಾಸು. ಎರಡು ಹ್ಯಾಕ್ಸಾ ಬ್ಲೇಡ್ ಜೋಡಿಸಿ ಹಿಡಿದರೆ ಅದಕ್ಕೆ ಹತ್ತಿರದ ದಪ್ಪ ಸಿಗುತ್ತದೆ. ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ತೆಗೆದಿಟ್ಟು, ಡ್ರಮ್ ಕೈಯಲ್ಲಿ ತಿರುಗಿಸಿ, ಎಡಗಡೆ ಬಲಗಡೆ ಎರಡೂ ಕಡೆ ಅದು ಬಿಗಿಯಾಗಿ ತೂರುತ್ತದಾ ನೋಡಿ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಇದ್ದರೆ ನಾರು ಉದ್ದುದ್ದ ಹೊರಗೆ ಬರುತ್ತದೆ. ಸಂದು ಹೊಂದಿಸಲು ಉದ್ದನೆಯ ತೂತು, ಅಂದರೆ ಸ್ಲಾಟ್, ಇದೆಯಾ ಅಂತ ಕೊಳ್ಳುವಾಗಲೇ ಬಗ್ಗಿ ನೋಡಿ. ಬಹಳಷ್ಟು ಅಗ್ಗದವುಗಳಲ್ಲಿ ಪಟ್ಟಿಯನ್ನು ವೆಲ್ಡ್ ಮಾಡಿಬಿಟ್ಟಿರುತ್ತಾರೆ. ಸವೆದರೆ ಮುಗಿಯಿತು.

ಮಸೆಯುವಾಗ ಗ್ರೈಂಡರ್ ಒತ್ತಿ ಹಿಡಿದು ಅಂಚು ನೀಲಿ ಬಣ್ಣಕ್ಕೆ ತಿರುಗಿದರೆ ಉಕ್ಕಿನ ಹದ ಹೋಯಿತು ಅಂತಲೇ. ಸ್ವಲ್ಪ ಸ್ವಲ್ಪ ಮಸೆದು ನೀರಿನಲ್ಲಿ ಅದ್ದುತ್ತಾ ಇರಿ. ಆಮೇಲೆ ಎರಡೂ ಬ್ಲೇಡನ್ನು ಅಡುಗೆಮನೆ ತಕ್ಕಡಿಯಲ್ಲಿ ತೂಗಿ. ಒಂದು ಹಗುರ ಒಂದು ಭಾರ ಆದರೆ ಡ್ರಮ್ ನಡುಗುತ್ತದೆ, ಬೇರಿಂಗ್ ಬೇಗ ಸಾಯುತ್ತದೆ.

ಬೇರಿಂಗ್, ಬೆಲ್ಟು ಸುಲಭ. ಬೇರಿಂಗ್ ಮೇಲೆ 6205, 6206 ಅಥವಾ ಯುಸಿಪಿ 205 ಥರದ ಅಂಕಿ ಇದ್ದರೆ ಎಲ್ಲಿ ಬೇಕಾದರೂ ಸಿಗುವ ಮಾಲು. ಬೆಲ್ಟಿನ ನಂಬರ್ ಅಳಿಸುವ ಮೊದಲು ಬರೆದುಕೊಳ್ಳಿ. ಇನ್ನು ಎಂಜಿನ್ನೇ ಬದಲಿಸುವ ಕಾಲ ಬಂದರೆ ಒಂದು ಎಚ್ಚರಿಕೆ: ಸಣ್ಣ ಎಂಜಿನ್ನುಗಳ ಶಾಫ್ಟ್ ಕೆಲವು ಮುಕ್ಕಾಲು ಇಂಚು, ಅಂದರೆ 19.05 ಮಿಮೀ, ಕೆಲವು 20 ಮಿಮೀ. ಕಣ್ಣಿಗೆ ಒಂದೇ ಥರ ಕಾಣುತ್ತದೆ, ಪುಲ್ಲಿ ಮಾತ್ರ ಕೂರುವುದಿಲ್ಲ.

ಲೆಕ್ಕ

ಸುಮ್ನೆ ಉದಾಹರಣೆಗೆ, ಅಗ್ಗದ್ದು 45,000, ಹೆಸರಿರುವುದು 1,10,000 ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 40 ತಾಸು, ಐದು ವರ್ಷಕ್ಕೆ 200 ತಾಸು ಓಡಿಸುತ್ತೀರಿ. ಅಗ್ಗದ್ದಕ್ಕೆ ನಡುವೆ ಬ್ಲೇಡು, ಕಾರ್ಬೊರೇಟರು ಅಂತ 15,000 ಖರ್ಚಾಗಿ ಕೊನೆಗೆ ಗುಜರಿಗೆ ಹೋಯಿತು ಅಂದರೂ ತಾಸಿಗೆ 300 ರೂಪಾಯಿ. ಹೆಸರಿನದ್ದು ಐದು ವರ್ಷದ ಮೇಲೆ 50,000ಕ್ಕೆ ಮಾರಿ ಹೋದರೆ ಅದೂ ತಾಸಿಗೆ 300. ಸಮ ಸಮ! ಆದರೆ ಅಗ್ಗದ್ದರಲ್ಲಿ ಮೊದಲ ದಿನ ಕೈಯಿಂದ ಹೋಗುವುದು ಕಡಿಮೆ, ಅಡಿಕೆ ದರ ಬಿದ್ದ ವರ್ಷ ಅದೂ ದೊಡ್ಡ ಮಾತೇ. ಅದೇ ವರ್ಷಕ್ಕೆ 200 ತಾಸು ಓಡಿಸುವವರಿಗೆ ಲೆಕ್ಕ ಉಲ್ಟಾ. ಆಳು ಬಂದು ನಿಂತಿರುವಾಗ ಯಂತ್ರ ಕೆಟ್ಟರೆ ಆ ದಿನದ ಸಂಬಳ ಯಾರ ಮೈಮೇಲೆ?

ನಾಲ್ಕು ಮನೆಯವರು ಸೇರಿ ಒಳ್ಳೆಯದೊಂದನ್ನು ಕೊಳ್ಳುವುದು ಕೇಳಲಿಕ್ಕೆ ಚೆಂದ. ಬ್ಲೇಡ್ ಯಾರು ಮಸೆಸಬೇಕು, ಎಣ್ಣೆ ಯಾರು ಬದಲಿಸಬೇಕು ಅಂತ ಮೊದಲೇ ಮಾತಾಗಿರಲಿ, ಇಲ್ಲದಿದ್ದರೆ ಯಂತ್ರಕ್ಕಿಂತ ಮೊದಲು ಸಂಬಂಧ ಕೆಡುತ್ತದೆ. ಕೊಳ್ಳುವ ಮುಂಚೆ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ಸಬ್ಸಿಡಿ ಪಟ್ಟಿಯಲ್ಲಿ ಏನಿದೆ ಕೇಳಿ. ಪಟ್ಟಿಯಲ್ಲಿಲ್ಲದ ಮಾಡೆಲ್ಲಿಗೆ ಸಬ್ಸಿಡಿ ಸಿಗುವುದಿಲ್ಲ, ಫೋನಿನಲ್ಲಿ ತರಿಸಿದ್ದಕ್ಕಂತೂ ಆಸೆ ಬೇಡ. ಸಬ್ಸಿಡಿ ಸಿಕ್ಕರೆ ಮೇಲಿನ ಲೆಕ್ಕವೇ ಬದಲಾಗಿ ಹೆಸರಿನದ್ದೇ ಅಗ್ಗ ಆಗಬಹುದು. ಸರ್ಕಾರದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರದಲ್ಲೂ ಒಮ್ಮೆ ವಿಚಾರಿಸಿ.

ತಂದ ಮೇಲೆ

ಪೆಟ್ಟಿಗೆಯಲ್ಲಿ ಬರುವ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಎಣ್ಣೆ ಇರುವುದಿಲ್ಲ. ಹಾಗೇ ಹಗ್ಗ ಎಳೆದು ಸ್ಟಾರ್ಟ್ ಮಾಡಿದರೆ ಹೊಸ ಎಂಜಿನ್ ಅವತ್ತೇ ಸೀಜ್. ಜಿಎಕ್ಸ್200 ಅಳತೆಯದ್ದಕ್ಕೆ ಸುಮಾರು 600 ಮಿಲಿಲೀಟರ್ 10ಡಬ್ಲ್ಯೂ-30 ಎಣ್ಣೆ ಹಿಡಿಯುತ್ತದೆ. ಮೊದಲ 20 ತಾಸಿಗೆ ಒಮ್ಮೆ, ಆಮೇಲೆ 100 ತಾಸಿಗೊಮ್ಮೆ ಬದಲಿಸಿ ಅಂತ ಹೋಂಡಾ ಹೇಳುತ್ತದೆ. ನಕಲಿಗೆ ನಾನಾದರೆ ಅದರ ಅರ್ಧಕ್ಕೇ ಬದಲಿಸುತ್ತೇನೆ. ಯಂತ್ರವನ್ನು ಸಮತಟ್ಟಾದ ಜಾಗದಲ್ಲೇ ನಿಲ್ಲಿಸಿ. ಇಳಿಜಾರಿನಲ್ಲಿ ವಾಲಿಸಿದರೆ ಎಣ್ಣೆ ಒಂದು ಕಡೆ ಸರಿದು, ಎಣ್ಣೆಯ ಸೆನ್ಸರ್ ಇರುವ ಎಂಜಿನ್ ತಾನಾಗಿ ಆಫ್ ಆಗುತ್ತದೆ, ಕೆಟ್ಟಿತು ಅಂತ ಮೆಕ್ಯಾನಿಕ್ ಹತ್ತಿರ ಹೊತ್ತುಕೊಂಡು ಹೋಗುವವರಿದ್ದಾರೆ.

ಮಳೆಗಾಲದ ಮುಂಚೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಕಾರ್ಬೊರೇಟರಿನಲ್ಲಿ ಉಳಿದದ್ದು ಮುಗಿಯುವವರೆಗೆ ಓಡಿಸಿ ನಿಲ್ಲಿಸಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಶೇಕಡಾ 20ರಷ್ಟಿದೆ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ, ನಮ್ಮ ಜೂನ್-ಜುಲೈ ಗಾಳಿಯಲ್ಲಿ ತೇವಕ್ಕೇನು ಕೊರತೆ? ಕಾರವಾರ, ಅಂಕೋಲಾ ಕಡೆ ಉಪ್ಪುಗಾಳಿಯೂ ಸೇರಿ ಬಣ್ಣ ಹೋದಲ್ಲೆಲ್ಲ ತುಕ್ಕು ಹಿಡಿಯುತ್ತದೆ. ಬ್ಲೇಡಿಗೆ, ಡ್ರಮ್ಮಿಗೆ ಹಳೇ ಎಣ್ಣೆ ಸವರಿ ಇಡಿ.

ಸೋಗೆ ಹಾಕುವ ಬಾಯಿ ಉದ್ದ ಇರುವ ಯಂತ್ರವನ್ನೇ ಆರಿಸಿ. ಬಾಯಿಂದ ಬ್ಲೇಡಿಗೆ ಕೈ ಎಟುಕುವಂತಿದ್ದರೆ ಬೆಲೆ ಎಷ್ಟೇ ಕಡಿಮೆ ಇರಲಿ, ಬಿಟ್ಟುಬನ್ನಿ. ಅಗ್ಗದ ಸಣ್ಣವುಗಳಲ್ಲಿ ಈ ದೋಷ ಜಾಸ್ತಿ. ಪಂಚೆ, ಹೆಗಲ ಮೇಲಿನ ಟವೆಲ್, ಸೆರಗು ಯಾವುದೂ ಹತ್ತಿರ ಬರಬಾರದು; ಸೋಗೆಯ ನಾರು ಬಟ್ಟೆಯನ್ನು ಹಿಡಿದು ಒಳಗೆ ಎಳೆಯುತ್ತದೆ. ಎಂಜಿನ್ ಆಫ್ ಮಾಡಿದ ಮೇಲೂ ಡ್ರಮ್ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಪೂರ್ತಿ ನಿಂತ ಮೇಲೆ, ಪ್ಲಗ್ಗಿನ ಕ್ಯಾಪ್ ಕಿತ್ತ ಮೇಲೆ ಮಾತ್ರ ಸಿಕ್ಕಿಹಾಕಿಕೊಂಡದ್ದನ್ನು ಬಿಡಿಸಿ.

ಯಂತ್ರ ಯಾವುದೇ ಇರಲಿ, ಎಲೆಚುಕ್ಕೆ ರೋಗ ಬಂದ ಸೋಗೆಯನ್ನು ಪುಡಿ ಮಾಡಿ ಮರದ ಬುಡಕ್ಕೆ ಹಾಕಬೇಡಿ. ರೋಗದ ಎಲೆಯನ್ನು ಕತ್ತರಿಸಿ ಸುಡಬೇಕು ಅಂತಲೇ ವಿಜ್ಞಾನಿಗಳು ಹೇಳುತ್ತಿರುವುದು. ಕರಾವಳಿಯಲ್ಲಿ ತೆಂಗು ಇದ್ದವರು ಪುಡಿಯನ್ನು ದೊಡ್ಡ ರಾಶಿ ಹಾಕಿ ಬಿಡಬೇಡಿ. ಕೊಳೆತ ರಾಶಿಯಲ್ಲಿ ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿ ಮೊಟ್ಟೆ ಇಡುತ್ತದೆ. ತೆಳ್ಳಗೆ ಹರಡಿ, ಅಥವಾ ಗುಂಡಿಯಲ್ಲಿ ಸಗಣಿ ನೀರಿನ ಜತೆ ಹಾಕಿ ಆಗಾಗ ಮಗುಚುತ್ತಾ ಇರಿ.